ಮುಖಪುಟದಲ್ಲಿ ಯಾರಿದ್ದಾರೆ? ಕ್ರೀಡಾ ಪತ್ರಿಕೆಗಳ ಪುಟವಿನ್ಯಾಸವನ್ನು ಓದುವ ಬಗೆ

ಕೊಳ್ಳೇಗಾಲ: ಎರಡು ಮೂರು ದಶಕಗಳ ಹಿಂದೆ ಕೊಳ್ಳೇಗಾಲ, ಹನೂರು, ಯಳಂದೂರಿನ ಕ್ಷೌರದಂಗಡಿಗಳಲ್ಲಿ ಸರದಿಗಾಗಿ ಕಾದು ಕುಳಿತವರಿಗೆ ಗೋಡೆಯೇ ಒಂದು ಪತ್ರಿಕೆಯಾಗಿತ್ತು. ದೇವರ ಪಟ, ಸಿನಿಮಾ ನಟರ ಚಿತ್ರಗಳ ಜೊತೆಯಲ್ಲಿ ಕ್ರಿಕೆಟ್ ಆಟಗಾರರ ದೊಡ್ಡ ವರ್ಣಚಿತ್ರಗಳೂ ಅಲ್ಲಿರುತ್ತಿದ್ದವು. ಅವುಗಳ ನಡುವೆ ಒಂದು ಮಡಿಕೆಯ ಗೆರೆ, ಆ ಗೆರೆಯ ಮೇಲೆ ಪಿನ್ನು ಕಿತ್ತ ಎರಡು ಸಣ್ಣ ತೂತುಗಳು. ಅದನ್ನು ಕಂಡೊಡನೆ ಇದು ಕ್ರೀಡಾ ಪತ್ರಿಕೆಯ ನಡುಪುಟದಿಂದ ಬಂದ ಚಿತ್ರ ಎಂಬುದು ತಿಳಿಯುತ್ತಿತ್ತು. ಪತ್ರಿಕೆಯ ಲೇಖನಗಳು ರದ್ದಿಗೆ ಹೋದರೂ ಆ ಒಂದು ಹಾಳೆ ವರ್ಷಗಟ್ಟಲೆ ಗೋಡೆಯ ಮೇಲೆ ಉಳಿಯುತ್ತಿತ್ತು.

ಅದೇ ಊರುಗಳ ಶಾಲಾ ಮೈದಾನಗಳಲ್ಲಿ ಅದೇ ವರ್ಷಗಳಲ್ಲಿ ಮಕ್ಕಳು ಆಡುತ್ತಿದ್ದುದು ಕ್ರಿಕೆಟ್ ಒಂದನ್ನೇ ಅಲ್ಲ. ಹೋಬಳಿ ಮಟ್ಟದ ಹಾಗೂ ತಾಲ್ಲೂಕು ಮಟ್ಟದ ಕ್ರೀಡಾಕೂಟಗಳಲ್ಲಿ ಕೊಕ್ಕೊ, ಕಬಡ್ಡಿ, ವಾಲಿಬಾಲ್, ಓಟದ ಸ್ಪರ್ಧೆಗಳು ಅಂದಿನಿಂದ ಇಂದಿನವರೆಗೂ ನಡೆಯುತ್ತಲೇ ಬಂದಿವೆ. ಆದರೆ ಕೊಕ್ಕೊ ಆಡುವ ಹುಡುಗಿಯೊಬ್ಬಳ ಚಿತ್ರವನ್ನು ಆ ಗೋಡೆಗಳ ಮೇಲೆ ಕಂಡವರು ವಿರಳ. ಆಡುವವರು ಒಬ್ಬರು, ಗೋಡೆಯ ಮೇಲಿರುವವರು ಇನ್ನೊಬ್ಬರು. ಈ ಅಂತರಕ್ಕೆ ಹಣ, ಪ್ರಚಾರ, ದೂರದರ್ಶನ ಮುಂತಾದ ಕಾರಣಗಳಿವೆ ಎಂಬುದು ಎಲ್ಲರಿಗೂ ತಿಳಿದ ವಿಷಯ. ಪುಟವನ್ನು ಕಟ್ಟುವ ರೀತಿಯೂ ಅದರಲ್ಲೊಂದು ಕಾರಣ ಎಂಬುದು ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಕ್ರೀಡಾ ಪತ್ರಿಕೆಯ ಮುಖಪುಟ ಹಾಗೂ ಒಳಗಿನ ಜೋಡಿಪುಟಗಳು ಹೇಗೆ ಕೆಲಸ ಮಾಡುತ್ತವೆ, ಅವನ್ನು ಓದುವುದು ಹೇಗೆ, ಆ ಅರಿವನ್ನು ನಮ್ಮ ಶಾಲಾ ಸಂಚಿಕೆಗಳಿಗೆ ಬಳಸುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ನಮ್ಮ ಕೈಗೆ ಬಂದ ಪತ್ರಿಕೆಗಳು

ದಕ್ಷಿಣ ಭಾರತದ ಓದುಗರಿಗೆ ಕ್ರೀಡಾ ಪತ್ರಿಕೆಯ ರೂಪವನ್ನು ಪರಿಚಯಿಸಿದ್ದು ಮುಖ್ಯವಾಗಿ ಮದರಾಸು. 'ದಿ ಹಿಂದೂ' ಬಳಗದ 'ಸ್ಪೋರ್ಟ್ ಅಂಡ್ ಪಾಸ್‌ಟೈಮ್' 1947ರಲ್ಲಿ ಆರಂಭವಾಗಿ 1968ರವರೆಗೆ ನಡೆಯಿತು. ಅದೇ ಬಳಗವು 1978ರ ಜುಲೈನಲ್ಲಿ 'ದಿ ಸ್ಪೋರ್ಟ್‌ಸ್ಟಾರ್' ವಾರಪತ್ರಿಕೆಯನ್ನು ಹೊರತಂದಿತು. ಕಲ್ಕತ್ತೆಯ ಆನಂದ ಬಜಾರ್ ಬಳಗದ 'ಸ್ಪೋರ್ಟ್ಸ್‌ವರ್ಲ್ಡ್' ಪತ್ರಿಕೆಗೆ ಭಾರತ ಕ್ರಿಕೆಟ್ ತಂಡದ ಮಾಜಿ ನಾಯಕ ಮನ್ಸೂರ್ ಅಲಿ ಖಾನ್ ಪಟೌಡಿ ಸಂಪಾದಕರಾಗಿದ್ದರು. ಇವು ಇಂಗ್ಲಿಷ್ ಪತ್ರಿಕೆಗಳಾದರೂ ಇಂಗ್ಲಿಷ್ ಓದಲು ಬಾರದ ಮನೆಗಳಿಗೂ ಚಿತ್ರಗಳ ಮೂಲಕ ತಲುಪಿದ್ದವು. ಕನ್ನಡದ ಓದುಗನಿಗೆ ಕ್ರೀಡೆಯ ವಿವರ ಸಿಕ್ಕಿದ್ದು ಹೆಚ್ಚಾಗಿ ದಿನಪತ್ರಿಕೆಗಳ ಕ್ರೀಡಾಪುಟಗಳಿಂದ ಹಾಗೂ 'ಸುಧಾ', 'ತರಂಗ'ದಂತಹ ವಾರಪತ್ರಿಕೆಗಳಿಂದ. ಅಂದರೆ ಓದು ಕನ್ನಡದಲ್ಲಿ, ಚಿತ್ರ ಇಂಗ್ಲಿಷ್ ಪತ್ರಿಕೆಯಲ್ಲಿ ಎಂಬಂತಹ ಸ್ಥಿತಿ ಬಹುಕಾಲ ಇತ್ತು.

'ಸ್ಪೋರ್ಟ್‌ಸ್ಟಾರ್' 2006ರಲ್ಲಿ ದೊಡ್ಡ ಅಳತೆಯ ಟ್ಯಾಬ್ಲಾಯ್ಡ್ ರೂಪಕ್ಕೆ ಬದಲಾಗಿ, 2012ರಲ್ಲಿ ಮತ್ತೆ ಪತ್ರಿಕೆಯ ಹಳೆಯ ಅಳತೆಗೆ ಮರಳಿತು. ಹಾಳೆಯ ಅಳತೆ ಬದಲಾದರೆ ಚಿತ್ರ ದೊಡ್ಡದಾಗುವುದಷ್ಟೇ ಅಲ್ಲ, ಓದುಗ ಅದನ್ನು ಹಿಡಿಯುವ ರೀತಿ, ಮಡಿಸುವ ರೀತಿ, ಕೂಡಿಡುವ ರೀತಿ ಎಲ್ಲವೂ ಬದಲಾಗುತ್ತವೆ. ಪುಟವಿನ್ಯಾಸವೆಂಬುದು ಓದುಗನ ಕೈಗೂ ಸಂಬಂಧಿಸಿದ ಸಂಗತಿ ಎಂಬುದನ್ನು ಇದರಿಂದ ತಿಳಿಯಬಹುದು.

ಮುಖಪುಟದ ಅಂಗಗಳು

ಯಾವುದೇ ಕ್ರೀಡಾ ಪತ್ರಿಕೆಯ ಮುಖಪುಟದಲ್ಲಿ ನಾಲ್ಕು ಅಂಗಗಳನ್ನು ಗುರುತಿಸಬಹುದು: ಪತ್ರಿಕೆಯ ಹೆಸರು, ಮುಖ್ಯಚಿತ್ರ, ಮುಖ್ಯಶೀರ್ಷಿಕೆ, ಒಳಗಿನ ಲೇಖನಗಳ ಸೂಚನೆ. ಹೆಸರು ಪುಟದ ನೆತ್ತಿಯಲ್ಲಿರುವುದಕ್ಕೆ ಅಂಗಡಿಯೇ ಕಾರಣ. ಬಸ್ ನಿಲ್ದಾಣದ ಪೆಟ್ಟಿಗೆ ಅಂಗಡಿಯಲ್ಲಿ ಪತ್ರಿಕೆಗಳನ್ನು ಹಗ್ಗಕ್ಕೆ ಕ್ಲಿಪ್ಪು ಹಾಕಿ ಒಂದರ ಮೇಲೊಂದು ತೂಗುಹಾಕಿದಾಗ ಪ್ರತಿಯೊಂದರ ಮೇಲ್ಭಾಗ ಮಾತ್ರ ಕಾಣುತ್ತದೆ. ಹೊರಡುತ್ತಿರುವ ಬಸ್ಸಿನ ಕಿಟಕಿಯಿಂದ ನೋಡುವವನಿಗೆ ಆ ಒಂದು ಗೇಣು ಜಾಗದಲ್ಲಿಯೇ ಪತ್ರಿಕೆ ತನ್ನ ಗುರುತು ಹೇಳಬೇಕು. ಆಟಗಾರನ ತಲೆ ಅಥವಾ ಎತ್ತಿದ ಬ್ಯಾಟು ಹೆಸರಿನ ಒಂದೆರಡು ಅಕ್ಷರಗಳನ್ನು ಮರೆಮಾಡಿರುವ ಮುಖಪುಟಗಳನ್ನು ಓದುಗರು ನೋಡಿರಬಹುದು. ಇದು ಕಣ್ತಪ್ಪಿನಿಂದ ಆದದ್ದಲ್ಲ. ಅಕ್ಷರ ಹಿಂದೆ, ಮನುಷ್ಯ ಮುಂದೆ ಎಂದಾದಾಗ ಚಪ್ಪಟೆ ಹಾಳೆಗೆ ಆಳ ಬಂದಂತಾಗುತ್ತದೆ. ಹೆಸರು ಓದುಗರಿಗೆ ಚಿರಪರಿಚಿತವಾಗಿರುವ ಪತ್ರಿಕೆ ಮಾತ್ರ ಈ ಧೈರ್ಯ ಮಾಡಬಲ್ಲದು. ಮೊದಲ ಸಂಚಿಕೆಯಲ್ಲಿಯೇ ಹೀಗೆ ಮಾಡಿದರೆ ಹೆಸರು ಯಾರಿಗೂ ತಿಳಿಯದು.

ಅಮೆರಿಕದ 'ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್' ಪತ್ರಿಕೆಯ ಮೊದಲ ಸಂಚಿಕೆ 1954ರ ಆಗಸ್ಟ್ 16ರ ದಿನಾಂಕವನ್ನು ಹೊತ್ತು ಬಂದಿತು. ಅದರ ಮುಖಪುಟದಲ್ಲಿ ಮಿಲ್ವಾಕೀ ನಗರದ ಮೈದಾನದಲ್ಲಿ ಬೇಸ್‌ಬಾಲ್ ಆಟಗಾರ ಎಡ್ಡಿ ಮ್ಯಾಥ್ಯೂಸ್ ದಾಂಡು ಬೀಸುತ್ತಿರುವ ಚಿತ್ರವಿದೆ. ಆಟಗಾರನ ಮುಖವನ್ನು ದೊಡ್ಡದಾಗಿ ತೋರಿಸದೆ, ಅವನನ್ನು ತುಂಬಿದ ಕ್ರೀಡಾಂಗಣದ ನಡುವೆ ನಿಲ್ಲಿಸಿರುವುದು ಅಲ್ಲಿನ ವಿಶೇಷ. ದಾಂಡು ಬೀಸುವವನು, ಅವನ ಹಿಂದೆ ಬಾಗಿದ ಕ್ಯಾಚರ್ ಮತ್ತು ಅಂಪೈರ್, ಅವರ ಹಿಂದೆ ಜನಸಮೂಹ. ಪತ್ರಿಕೆಯು ಒಬ್ಬ ವ್ಯಕ್ತಿಯನ್ನಲ್ಲ, ಕ್ರೀಡೆಯೆಂಬ ಇಡೀ ಸಂಭ್ರಮವನ್ನು ಓದುಗನ ಮುಂದಿಡುತ್ತಿದೆ ಎಂಬ ಸಂದೇಶ ಅದರಲ್ಲಿ ಅಡಗಿದೆ ಎನ್ನಬಹುದು.

ಅದೇ ಪತ್ರಿಕೆಯ 1980ರ ಮಾರ್ಚ್ 3ರ ಮುಖಪುಟ ಇನ್ನೊಂದು ಪಾಠವನ್ನು ಹೇಳುತ್ತದೆ. ಆ ವರ್ಷದ ಫೆಬ್ರವರಿ 22ರಂದು ಲೇಕ್ ಪ್ಲ್ಯಾಸಿಡ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಎಳೆಯರ ಐಸ್ ಹಾಕಿ ತಂಡವು ಬಲಿಷ್ಠ ಸೋವಿಯತ್ ತಂಡವನ್ನು 4-3ರಿಂದ ಸೋಲಿಸಿತ್ತು. ಛಾಯಾಗ್ರಾಹಕ ಹೈಂಜ್ ಕ್ಲೂಟ್‌ಮಯರ್ ತೆಗೆದ, ಆಟಗಾರರು ಒಬ್ಬರನ್ನೊಬ್ಬರು ಅಪ್ಪಿ ಕುಣಿಯುತ್ತಿರುವ ಚಿತ್ರವನ್ನು ಮುಖಪುಟದಲ್ಲಿ ಶೀರ್ಷಿಕೆಯೇ ಇಲ್ಲದೆ ಪ್ರಕಟಿಸಲಾಯಿತು. ಓದುಗನಿಗೆ ಈಗಾಗಲೇ ಗೊತ್ತಿರುವ ಸಂಗತಿಯನ್ನು ಮತ್ತೆ ಹೇಳುವ ಅಗತ್ಯವಿಲ್ಲ ಎಂಬ ವಿವೇಕ ಇಲ್ಲಿದೆ. ಇದೇ ಕಾರಣಕ್ಕೆ ಎಲ್ಲರೂ ಈ ಮಾರ್ಗವನ್ನು ಅನುಸರಿಸುವಂತಿಲ್ಲ. ಇಡೀ ದೇಶ ನೋಡಿದ ಪಂದ್ಯಕ್ಕೆ ಶೀರ್ಷಿಕೆ ಬೇಡದಿರಬಹುದು. ಯಳಂದೂರಿನ ಶಾಲಾ ಮೈದಾನದಲ್ಲಿ ನಡೆದ ಪಂದ್ಯಕ್ಕೆ ಶೀರ್ಷಿಕೆಯೂ ಬೇಕು, ಊರಿನ ಹೆಸರೂ ಬೇಕು, ಆಟಗಾರರ ಹೆಸರುಗಳೂ ಬೇಕು.

ಶ್ರೇಷ್ಠ ಚಿತ್ರ ಮುಖಪುಟಕ್ಕೆ ಬಾರದೇ ಹೋದ ಉದಾಹರಣೆಯೂ ಇದೆ. 1965ರ ಮೇ 25ರಂದು ಮುಹಮ್ಮದ್ ಅಲಿ ಮೊದಲ ಸುತ್ತಿನಲ್ಲಿಯೇ ಸನ್ನಿ ಲಿಸ್ಟನ್‌ನನ್ನು ಕೆಡವಿ, ಮೇಲೆ ನಿಂತು ಗರ್ಜಿಸುತ್ತಿರುವ ನೀಲ್ ಲೀಫರ್ ಅವರ ಚಿತ್ರ ಇಂದು ಜಗತ್ತಿನ ಪ್ರಸಿದ್ಧ ಕ್ರೀಡಾಚಿತ್ರಗಳಲ್ಲಿ ಒಂದು. ಆದರೆ ಆ ಪಂದ್ಯದ ಸಂಚಿಕೆಯಲ್ಲಿ ಅದು ಮುಖಪುಟದ ಚಿತ್ರವಾಗಲಿಲ್ಲ, ಒಳಪುಟದಲ್ಲಿ ಅಚ್ಚಾಯಿತು. ಅಲಿಯ ಕಾಲುಗಳ ನಡುವಿನಿಂದ ಕಾಣುವ, ರಿಂಗಿನ ಆಚೆ ಬದಿಯಲ್ಲಿ ಕ್ಯಾಮೆರಾ ಹಿಡಿದು ಕುಳಿತಿರುವ ವ್ಯಕ್ತಿಯೂ ಅದೇ ಪತ್ರಿಕೆಯ ಛಾಯಾಗ್ರಾಹಕ ಹರ್ಬ್ ಶಾರ್ಫ್‌ಮನ್. ಆ ಕ್ಷಣದಲ್ಲಿ ಅವರಿಗೆ ಕಂಡದ್ದು ಅಲಿಯ ಬೆನ್ನು ಮಾತ್ರ. ಎಲ್ಲಿ ಕುಳಿತೆವು ಎಂಬುದೇ ಚಿತ್ರದ ಭವಿಷ್ಯವನ್ನು ನಿರ್ಧರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮುಖವೋ, ಚಲನೆಯೋ?

ಮುಖಪುಟದ ಚಿತ್ರಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಮುಖಚಿತ್ರ: ಆಟಗಾರ ನೇರವಾಗಿ ನಮ್ಮನ್ನೇ ನೋಡುತ್ತಾನೆ. ಅಂಗಡಿಯಲ್ಲಿ ತೂಗುವ ಹತ್ತು ಪತ್ರಿಕೆಗಳ ನಡುವೆ ನಮ್ಮ ಕಣ್ಣನ್ನು ಹಿಡಿದು ನಿಲ್ಲಿಸುವ ಶಕ್ತಿ ಇದಕ್ಕಿದೆ. ಆದರೆ ಆಟಗಾರ ಮೊದಲೇ ಪರಿಚಿತನಾಗಿದ್ದರೆ ಮಾತ್ರ ಇದು ಫಲಿಸುತ್ತದೆ. ಎರಡನೆಯದು ಚಲನಚಿತ್ರಣ: ಆಟಗಾರ ನಮ್ಮನ್ನು ನೋಡುವುದಿಲ್ಲ, ಚೆಂಡನ್ನೋ ಗುರಿಯನ್ನೋ ಎದುರಾಳಿಯನ್ನೋ ನೋಡುತ್ತಾನೆ. ನಮ್ಮ ಕಣ್ಣು ಅವನ ಕಣ್ಣಿನ ದಿಕ್ಕನ್ನೇ ಹಿಂಬಾಲಿಸುತ್ತದೆ. ಅಪರಿಚಿತ ಆಟಗಾರನನ್ನು ಪರಿಚಯಿಸುವುದಕ್ಕೆ ಈ ಎರಡನೆಯ ಬಗೆಯೇ ಹೆಚ್ಚು ಸೂಕ್ತ. ಏಕೆಂದರೆ ಅವನು ಯಾರೆಂದು ತಿಳಿಯದಿದ್ದರೂ ಅವನು ಮಾಡುತ್ತಿರುವುದು ಏನೆಂದು ತಿಳಿಯುತ್ತದೆ.

ಚಲನೆಯ ಚಿತ್ರಕ್ಕೆ ಕೆಲವು ನಿಯಮಗಳಿವೆ. ಓಡುವವನ ಹಿಂದೆ ಇರುವುದಕ್ಕಿಂತ ಹೆಚ್ಚು ಜಾಗ ಅವನ ಮುಂದೆ ಇರಬೇಕು. ಮೂಗಿನ ತುದಿಗೇ ಪುಟದ ಅಂಚು ಬಂದರೆ ಅವನು ಗೋಡೆಗೆ ಡಿಕ್ಕಿ ಹೊಡೆದಂತೆ ಕಾಣುತ್ತಾನೆ. ಚಿತ್ರವನ್ನು ಕತ್ತರಿಸುವಾಗ ಮಣಿಕಟ್ಟು, ಮೊಣಕಾಲು, ಪಾದದ ಗಿಣ್ಣುಗಳ ಬಳಿ ಕತ್ತರಿಸಬಾರದು. ಅಂಗ ಊನವಾದಂತೆ ತೋರುತ್ತದೆ. ತೊಡೆ ಅಥವಾ ತೋಳಿನ ನಡುವೆ ಕತ್ತರಿಸಿದರೆ ಕಣ್ಣಿಗೆ ಬಾಧೆಯಿಲ್ಲ. ಹಿನ್ನೆಲೆಯಲ್ಲಿ ಕಂಬವೊಂದು ಆಟಗಾರನ ತಲೆಯಿಂದಲೇ ಮೊಳೆತಂತೆ ಕಂಡರೆ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಮುಖಪುಟಕ್ಕೆ ಬಾರದು.

ವೇಗವನ್ನು ತೋರಿಸುವುದಕ್ಕೂ ಎರಡು ಮಾರ್ಗಗಳಿವೆ. ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಕಾಲ ಮಾತ್ರ ಕ್ಯಾಮೆರಾದ ಕಣ್ಣು ತೆರೆದರೆ ಹಾರಿದ ಧೂಳಿನ ಕಣವೂ ಗಾಳಿಯಲ್ಲಿ ನಿಂತಂತೆ ಸೆರೆಯಾಗುತ್ತದೆ. ಇದಕ್ಕೆ ಪ್ರತಿಯಾಗಿ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಟ್ಟು, ಓಡುವವನ ಜೊತೆಯಲ್ಲಿಯೇ ಕ್ಯಾಮೆರಾವನ್ನು ತಿರುಗಿಸಿದರೆ ಅವನು ಸ್ಪಷ್ಟವಾಗಿಯೂ ಹಿನ್ನೆಲೆ ಅಡ್ಡಗೆರೆಗಳಾಗಿಯೂ ಮೂಡುತ್ತದೆ. 2016ರ ರಿಯೊ ಒಲಿಂಪಿಕ್ಸ್‌ನ 100 ಮೀಟರ್ ಸೆಮಿಫೈನಲ್‌ನಲ್ಲಿ ಉಸೇನ್ ಬೋಲ್ಟ್ ಪಕ್ಕಕ್ಕೆ ತಿರುಗಿ ನಗುತ್ತಿರುವ, ಕ್ಯಾಮೆರಾನ್ ಸ್ಪೆನ್ಸರ್ ತೆಗೆದ ಪ್ರಸಿದ್ಧ ಚಿತ್ರ ಈ ಎರಡನೆಯ ವಿಧಾನದ ಫಲ. ಉಳಿದೆಲ್ಲ ಓಟಗಾರರು ಮಸುಕಾಗಿ, ಆ ನಗು ಮಾತ್ರ ನಿಚ್ಚಳವಾಗಿ ಉಳಿದಿದೆ.

ಚಿತ್ರವಿಲ್ಲದೆಯೂ ಮುಖಪುಟ ಮಾಡಬಹುದೆ? ಅಂಕಿಯೇ ಚಿತ್ರವಾಗುವ ಸಂದರ್ಭಗಳಿವೆ. 1999ರ ಫೆಬ್ರವರಿ 7ರಂದು ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಎಲ್ಲ ಹತ್ತು ವಿಕೆಟ್‌ಗಳನ್ನೂ 74 ರನ್‌ಗಳಿಗೆ ಪಡೆದಾಗ, ಪುಟದ ತುಂಬ '10' ಎಂಬ ಅಂಕಿಯೊಂದನ್ನೇ ಇಟ್ಟರೂ ಕನ್ನಡಿಗರಿಗೆ ಅದರ ಅರ್ಥ ತಿಳಿಯುತ್ತಿತ್ತು. ಅಂಕಿಗೆ ಅಂತಹ ಬಲ ಬರಬೇಕಾದರೆ ಸುದ್ದಿ ಮೊದಲೇ ಎಲ್ಲರ ಬಾಯಲ್ಲಿರಬೇಕು.

ಜೋಡಿಪುಟ ಮತ್ತು ನಡುಮಡಿಕೆ

ಮುಖಪುಟವನ್ನು ತಿರುಗಿಸಿ ಒಳಗೆ ಹೋದರೆ ಎಡ ಮತ್ತು ಬಲ ಪುಟಗಳು ಕೂಡಿ ಒಂದೇ ನೋಟಕ್ಕೆ ಸಿಗುತ್ತವೆ. ಇದನ್ನೇ ಜೋಡಿಪುಟ ಎನ್ನುವುದು. ವಿನ್ಯಾಸಕಾರ ಯೋಚಿಸುವುದು ಒಂದೊಂದು ಪುಟವನ್ನಲ್ಲ, ಈ ಜೋಡಿಯನ್ನು. ಇಲ್ಲಿ ಅವನ ದೊಡ್ಡ ಶತ್ರು ನಡುಮಡಿಕೆ. ಮಡಿಕೆಯ ಮೇಲೆ ಮುಖ ಬಂದರೆ ಮೂಗು ಹೊಲಿಗೆಯೊಳಗೆ ಮುಳುಗುತ್ತದೆ. ಶೀರ್ಷಿಕೆಯ ಪದವೊಂದು ಅಲ್ಲಿ ಬಿದ್ದರೆ ಅದರ ಒಂದು ಅಕ್ಷರವೇ ನುಂಗಿಹೋಗುತ್ತದೆ. ಆದ್ದರಿಂದ ಎರಡೂ ಪುಟಗಳಿಗೆ ಹರಡುವ ಚಿತ್ರದಲ್ಲಿ ಮಡಿಕೆಯ ಜಾಗಕ್ಕೆ ಮೈದಾನ, ಆಕಾಶ, ಗೋಡೆಯಂತಹ ಖಾಲಿ ಭಾಗ ಬರುವಂತೆ ನೋಡಿಕೊಳ್ಳಬೇಕು.

ಹಾಗಿದ್ದರೆ ಕ್ಷೌರದಂಗಡಿಯ ಗೋಡೆಯ ಮೇಲಿನ ಚಿತ್ರ ಮಾತ್ರ ಅಷ್ಟು ಸರಿಯಾಗಿ ಕೂಡಿಕೊಂಡಿದ್ದು ಹೇಗೆ? ಉತ್ತರ ಸರಳವಾಗಿದೆ. ಬೆನ್ನಿಗೆ ಪಿನ್ನು ಹೊಡೆದ ಪತ್ರಿಕೆಯಲ್ಲಿ ಹಾಳೆಗಳನ್ನು ಒಂದರೊಳಗೊಂದು ಮಡಿಸಿ ಸೇರಿಸಿರುತ್ತಾರೆ. ಬೇರೆಡೆಯ ಜೋಡಿಪುಟಗಳಲ್ಲಿ ಎಡಪುಟ ಒಂದು ಹಾಳೆಯದು, ಬಲಪುಟ ಇನ್ನೊಂದು ಹಾಳೆಯದು. ಅಚ್ಚಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಚಿತ್ರದ ಎರಡು ಅರ್ಧಗಳು ಕೂಡುವುದಿಲ್ಲ. ಸರಿಯಾಗಿ ನಡುವೆ ಬರುವ ಜೋಡಿಪುಟ ಮಾತ್ರ ಒಂದೇ ಅಖಂಡ ಹಾಳೆ. ಪಿನ್ನು ಬಿಚ್ಚಿದರೆ ಇಡೀ ಚಿತ್ರ ಕೈಗೆ ಬರುತ್ತದೆ. ಕ್ರೀಡಾ ಪತ್ರಿಕೆಗಳು ಭಿತ್ತಿಚಿತ್ರವನ್ನು ನಡುಪುಟದಲ್ಲಿಯೇ ಕೊಟ್ಟಿದ್ದಕ್ಕೆ ಅಚ್ಚುಕೂಟದ ಈ ಅನುಕೂಲವೇ ಆಧಾರ. ಗೋಡೆಯ ಮೇಲಿನ ಆ ಎರಡು ತೂತುಗಳು ಈ ತಂತ್ರದ ಗುರುತುಗಳು.

ಜೋಡಿಪುಟದಲ್ಲಿ ಚಿತ್ರ ಎಷ್ಟು ಮುಖ್ಯವೋ ಖಾಲಿ ಜಾಗವೂ ಅಷ್ಟೇ ಮುಖ್ಯ. ಕೊಳ್ಳೇಗಾಲದ ಓದುಗರಿಗೆ ಇದನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ರೇಷ್ಮೆ ಸೀರೆಯ ಒಡಲು ತುಂಬ ಜರಿಯ ಬುಟ್ಟಾ ತುಂಬಿಬಿಟ್ಟರೆ ಅಂಚೂ ಕಾಣುವುದಿಲ್ಲ, ಸೆರಗೂ ಕಾಣುವುದಿಲ್ಲ. ಒಡಲು ಸರಳವಾಗಿದ್ದಾಗಲೇ ಅಂಚಿಗೆ ಬೆಲೆ ಎಂಬುದು ಇಲ್ಲಿನ ನೇಕಾರರಿಗೆ ತಿಳಿಯದ ಸಂಗತಿಯಲ್ಲ. ಪುಟವೂ ಹಾಗೆಯೇ. ಒಂದು ದೊಡ್ಡ ಚಿತ್ರ, ಅದರ ಅರ್ಧಕ್ಕಿಂತ ಸಣ್ಣದಾದ ಎರಡನೆಯ ಚಿತ್ರ, ಒಂದು ಶೀರ್ಷಿಕೆ, ಸುತ್ತ ಉಸಿರಾಡಲು ಜಾಗ; ಇಷ್ಟಿದ್ದರೆ ಓದುಗನ ಕಣ್ಣಿಗೆ ದಾರಿ ಸಿಗುತ್ತದೆ. ಒಂದೇ ಅಳತೆಯ ಹನ್ನೆರಡು ಚಿತ್ರಗಳನ್ನು ಸಾಲಾಗಿ ಇಟ್ಟರೆ ಯಾವುದನ್ನು ಮೊದಲು ನೋಡಬೇಕೆಂದು ತಿಳಿಯದೆ ಕಣ್ಣು ಮುಂದಿನ ಪುಟಕ್ಕೆ ಜಾರುತ್ತದೆ.

ಚಿತ್ರದ ಕೆಳಗಿನ ಅಡಿಬರಹಕ್ಕೂ ಗಮನ ಕೊಡಬೇಕು. ಲೇಖನವನ್ನು ಓದದವರೂ ಚಿತ್ರವನ್ನು ನೋಡುತ್ತಾರೆ, ಚಿತ್ರವನ್ನು ನೋಡಿದವರು ಅಡಿಬರಹವನ್ನು ಓದುತ್ತಾರೆ. ಚಿತ್ರದಲ್ಲಿ ಕಾಣುವುದನ್ನೇ ಅಡಿಬರಹ ಮತ್ತೆ ಹೇಳಿದರೆ ಪ್ರಯೋಜನವಿಲ್ಲ. 'ಓಡುತ್ತಿರುವ ಆಟಗಾರ್ತಿ' ಎಂದು ಬರೆಯುವುದಕ್ಕಿಂತ ಅವಳ ಹೆಸರು, ಊರು, ಆ ಕ್ಷಣದ ಅಂಕ, ಉಳಿದಿದ್ದ ಸಮಯ ಇವುಗಳನ್ನು ಕೊಡುವುದು ಲೇಸು.

ಕನ್ನಡ ಅಕ್ಷರದ ಸಮಸ್ಯೆ

ಇಂಗ್ಲಿಷ್ ಕ್ರೀಡಾ ಪತ್ರಿಕೆಗಳ ಮುಖಪುಟವನ್ನು ಕನ್ನಡದಲ್ಲಿ ಹಾಗೆಯೇ ಅನುಕರಿಸಲು ಹೊರಟವರಿಗೆ ಮೊದಲು ಎದುರಾಗುವ ತೊಡಕು ಅಕ್ಷರದ್ದು. ಇಂಗ್ಲಿಷ್‌ನಲ್ಲಿ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರ. ಅವುಗಳನ್ನು ಇಟ್ಟಿಗೆಯಂತೆ ಒತ್ತಾಗಿ ಜೋಡಿಸಿ ಸಾಲಿನ ಮೇಲೆ ಸಾಲು ಕಟ್ಟಬಹುದು. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲ. ಬದಲಾಗಿ ಪ್ರತಿ ಅಕ್ಷರಕ್ಕೂ ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಒತ್ತು ಬರಬಹುದು.

ನಮ್ಮ ಮೂರು ಊರುಗಳ ಹೆಸರನ್ನೇ ಪರೀಕ್ಷಿಸೋಣ. 'ಕೊಳ್ಳೇಗಾಲ' ಎಂಬಲ್ಲಿ ಳಕಾರಕ್ಕೆ ಒತ್ತು ಇದೆ, ಅದು ಸಾಲಿನಿಂದ ಕೆಳಗಿಳಿಯುತ್ತದೆ. 'ಹನೂರು', 'ಯಳಂದೂರು' ಎಂಬ ಹೆಸರುಗಳಲ್ಲಿ ಒತ್ತಕ್ಷರವಿಲ್ಲ. ಕೊಂಬುಗಳು ಮಾತ್ರ ಬಲಕ್ಕೆ ಚಾಚಿಕೊಂಡಿವೆ. ಮೂರನ್ನೂ ಒಂದರ ಕೆಳಗೊಂದು ಒತ್ತಾಗಿ ಬರೆದರೆ 'ಕೊಳ್ಳೇಗಾಲ'ದ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಅದನ್ನೇ ಕೊನೆಯ ಸಾಲಿಗೆ ತಂದು 'ಹನೂರು', 'ಯಳಂದೂರು', 'ಕೊಳ್ಳೇಗಾಲ' ಎಂದು ಬರೆದರೆ ಒತ್ತು ಕೆಳಗಿನ ಖಾಲಿ ಜಾಗಕ್ಕೆ ಇಳಿಯುತ್ತದೆ, ಮೇಲಿನ ಸಾಲುಗಳು ಹತ್ತಿರ ಬರುತ್ತವೆ. ಶೀರ್ಷಿಕೆಯ ಪದಗಳ ಆಯ್ಕೆಯೇ ವಿನ್ಯಾಸದ ಭಾಗವಾಗುವುದು ಹೀಗೆ. 'ರಾಷ್ಟ್ರೀಯ ಸ್ಪರ್ಧೆಯಲ್ಲಿ ಉತ್ಕೃಷ್ಟ ಸಾಧನೆ' ಎಂಬ ಶೀರ್ಷಿಕೆಯಲ್ಲಿ ಒತ್ತುಗಳ ಸಂತೆಯೇ ಇದೆ. 'ಓಡಿ ಗೆದ್ದಳು' ಎಂಬುದರಲ್ಲಿ ಒಂದೇ ಒತ್ತು. ಎರಡನೆಯದನ್ನು ಪುಟದ ತುಂಬ ದೊಡ್ಡದಾಗಿ ಬರೆಯಬಹುದು, ದೂರದಿಂದ ಓದಲೂಬಹುದು.

ಹಿಂದೆ ಬಟ್ಟೆಯ ಮೇಲೆ ಕುಂಚದಿಂದ ಬರೆಯುತ್ತಿದ್ದ ನಮ್ಮ ಊರಿನ ಕಲಾವಿದರು ಇದನ್ನು ಯಾರೂ ಹೇಳಿಕೊಡದೆ ಅರಿತಿದ್ದರು. ಒತ್ತಿಗೆ ಜಾಗವಿಲ್ಲದ ಕಡೆ ಅದನ್ನು ಪಕ್ಕದ ಅಕ್ಷರದ ಬುಡದಡಿ ಜಾಣತನದಿಂದ ಸರಿಸುತ್ತಿದ್ದರು. ಬರಹ, ನುಡಿ ಮುಂತಾದ ತಂತ್ರಾಂಶಗಳು ಕನ್ನಡವನ್ನು ಗಣಕಯಂತ್ರಕ್ಕೆ ತಂದು ಮಹದುಪಕಾರ ಮಾಡಿದವು. ಆದರೆ ಸಿದ್ಧ ಅಕ್ಷರವನ್ನು ಎಳೆದು ಹಿಗ್ಗಿಸಿ, ಸುತ್ತ ನೆರಳು, ಹೊಳಪು, ಮೂರು ಬಣ್ಣದ ಅಂಚು ಹಾಕುವ ಅಭ್ಯಾಸವೂ ಅದರೊಡನೆ ಬೆಳೆಯಿತು. ಅಕ್ಷರವನ್ನು ಅಡ್ಡಡ್ಡಲಾಗಿ ಹಿಗ್ಗಿಸಿದರೆ ಅದರ ದುಂಡಗಿನ ರೂಪ ಕೆಟ್ಟು ಓದಲು ಶ್ರಮವಾಗುತ್ತದೆ. ದಪ್ಪ ಅಕ್ಷರ ಬೇಕಾದಾಗ ದಪ್ಪವಾಗಿಯೇ ರಚಿಸಿದ ಅಕ್ಷರವಿನ್ಯಾಸವನ್ನು ಆರಿಸುವುದು ಸರಿಯಾದ ಕ್ರಮ.

ಕೊಕ್ಕೊ ಆಟಕ್ಕೊಂದು ಮುಖಪುಟ

2025ರ ಜನವರಿ 13ರಿಂದ 19ರವರೆಗೆ ನವದೆಹಲಿಯಲ್ಲಿ ಮೊದಲ ಕೊಕ್ಕೊ ವಿಶ್ವಕಪ್ ನಡೆಯಿತು. ಮಹಿಳೆಯರ ಅಂತಿಮ ಪಂದ್ಯದಲ್ಲಿ ಭಾರತವು ನೇಪಾಳವನ್ನು 78-40ರಿಂದ ಸೋಲಿಸಿತು. ಆ ಪಂದ್ಯದ ಶ್ರೇಷ್ಠ ಆಟಗಾರ್ತಿ ಎನಿಸಿದವರು ಮೈಸೂರು ಜಿಲ್ಲೆ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ. ತಿ. ನರಸೀಪುರವೆಂದರೆ ಕೊಳ್ಳೇಗಾಲದಿಂದ ಮೈಸೂರಿಗೆ ಹೋಗುವ ಬಸ್ಸು ದಿನವೂ ಹಾದುಹೋಗುವ ಊರು. ನಮ್ಮ ಪಕ್ಕದ ಮೈದಾನದಿಂದ ಹೋದ ಆಟಗಾರ್ತಿ ವಿಶ್ವಕಪ್ ಗೆದ್ದು ಬಂದಾಗ ಅದನ್ನು ಮುಖಪುಟದಲ್ಲಿ ತೋರಿಸುವುದು ಹೇಗೆ?

ಸುಲಭದ ದಾರಿಯೆಂದರೆ ಪದಕ ಹಿಡಿದು ನಗುವ ಚಿತ್ರ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಚಿತ್ರದಲ್ಲಿ ಆಟ ಇರುವುದಿಲ್ಲ. ಪದಕದ ಬದಲು ಹೂಗುಚ್ಛವಿದ್ದರೆ ಅದು ಯಾವ ಸಮಾರಂಭದ ಚಿತ್ರವೂ ಆಗಬಹುದು. ಕ್ರಿಕೆಟ್ ಚಿತ್ರದ ಜೀವಾಳವೆಂದರೆ ಬ್ಯಾಟು ಚೆಂಡಿಗೆ ತಾಗುವ ಕ್ಷಣ. ಕುಸ್ತಿಯಲ್ಲಿ ಪಟ್ಟು, ಬಾಕ್ಸಿಂಗ್‌ನಲ್ಲಿ ಏಟು. ಇವೆಲ್ಲ ಸ್ಪರ್ಶದ ಕ್ಷಣಗಳು. ಕೊಕ್ಕೊ ಇದಕ್ಕೆ ವಿರುದ್ಧ. ಅಲ್ಲಿ ಓಡುವವಳ ಗೆಲುವು ಇರುವುದು ಯಾರ ಕೈಗೂ ಸಿಗದಿರುವುದರಲ್ಲಿ. ಅಟ್ಟಿಬಂದವಳ ಚಾಚಿದ ಬೆರಳ ತುದಿಗೂ ಓಡುವವಳ ಬೆನ್ನಿಗೂ ನಡುವೆ ಉಳಿದಿರುವ ನಾಲ್ಕು ಬೆರಳಿನಷ್ಟು ಗಾಳಿಯೇ ಆ ಆಟದ ಚಿತ್ರ. ಮುಖಪುಟದ ನಡುವೆ ಇರಬೇಕಾದದ್ದು ಮುಖವಲ್ಲ, ಆ ಅಂತರ.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ ಅವರಿಗೆ ಕಂಚಿನ ಪದಕ ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಆ ಅಂತರವನ್ನು ನಾಲ್ಕು ದಶಕಗಳ ನಂತರವೂ ದೇಶ ಮರೆತಿಲ್ಲ. ಕೊಕ್ಕೊ ಮೈದಾನದಲ್ಲಿ ಅಂತಹ ಅಂತರಗಳು ನಿಮಿಷಕ್ಕೆ ಹತ್ತಾರು ಉಂಟಾಗುತ್ತವೆ. ಅವನ್ನು ಹಿಡಿಯುವ ಚಿತ್ರಗಳು ಮಾತ್ರ ಕಡಿಮೆ.

ಹಿಡಿಯುವ ಉಪಾಯವೂ ಕಷ್ಟದ್ದಲ್ಲ. ಛಾಯಾಗ್ರಾಹಕ ಕಂಬದ ಹಿಂದೆ ನೆಲಕ್ಕೆ ಕುಳಿತರೆ ಅಂಕಣದ ನಡುಸಾಲು ಅವನ ಮುಂದೆ ನೇರವಾಗಿ ಚಾಚಿಕೊಳ್ಳುತ್ತದೆ. ಶಾಲೆಗಳಲ್ಲಿ ಆಡುವ ಸಾಂಪ್ರದಾಯಿಕ ಆಟದಲ್ಲಿ ಆ ಸಾಲಿನಲ್ಲಿ ಎಂಟು ಮಂದಿ ಒಬ್ಬರು ಅತ್ತ, ಒಬ್ಬರು ಇತ್ತ ಮುಖಮಾಡಿ ಕುಳಿತಿರುತ್ತಾರೆ. ಈ ಲಯಬದ್ಧ ಸಾಲು ಕಣ್ಣಿಗೆ ಸಿದ್ಧ ಚೌಕಟ್ಟು. ಅದರ ನಡುವೆ ಹಾವಿನಂತೆ ನುಸುಳಿ ಬರುವ ಆಟಗಾರ್ತಿ ಕ್ಯಾಮೆರಾಕ್ಕೆ ಎದುರಾಗಿ ಬರುತ್ತಾಳೆ. ಅವಳ ಮುಖವೂ ಸಿಗುತ್ತದೆ, ಬೆನ್ನಟ್ಟಿದ ಕೈಯೂ ಸಿಗುತ್ತದೆ.

ಜೋಡಿಪುಟಕ್ಕೆ ಇನ್ನೊಂದು ದಾರಿಯಿದೆ. 1966ರ ನವೆಂಬರ್ 14ರಂದು ಹ್ಯೂಸ್ಟನ್‌ನಲ್ಲಿ ಅಲಿ ಮತ್ತು ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ನಡುವೆ ನಡೆದ ಪಂದ್ಯದಲ್ಲಿ ನೀಲ್ ಲೀಫರ್ ರಿಂಗಿನ ನೇರ ಮೇಲೆ ಕ್ಯಾಮೆರಾವನ್ನು ತೂಗುಹಾಕಿ ಚಿತ್ರ ತೆಗೆದರು. ಬಿದ್ದವನು, ಗೆದ್ದು ನಡೆದವನು, ರಿಂಗಿನ ಚೌಕ ಎಲ್ಲವೂ ನಕಾಶೆಯಂತೆ ಕಾಣುವ ಆ ಚಿತ್ರ ಇಂದಿಗೂ ಅದ್ಭುತವೆನಿಸುತ್ತದೆ. ನಮ್ಮಲ್ಲಿ ಶಾಲೆಯ ಮಹಡಿಯ ಮೇಲೆ ನಿಂತರೆ ಸಾಕು. ಕೊಕ್ಕೊ ಅಂಕಣದ ಉದ್ದನೆಯ ಆಯತ, ಎರಡು ಕಂಬಗಳು, ಕುಳಿತವರ ಸಾಲು, ಸಂಜೆಯ ಉದ್ದ ನೆರಳುಗಳು ಒಟ್ಟಾಗಿ ಸಿಗುತ್ತವೆ. ಅಂಕಣವೇ ಉದ್ದವಾಗಿರುವುದರಿಂದ ಜೋಡಿಪುಟದ ಅಗಲಕ್ಕೆ ಅದು ಹೇಳಿ ಮಾಡಿಸಿದಂತೆ ಹೊಂದುತ್ತದೆ. ನಡುಮಡಿಕೆಯು ಕುಳಿತ ಇಬ್ಬರ ನಡುವಿನ ನೆಲದ ಮೇಲೆ ಬೀಳುವಂತೆ ಜೋಡಿಸಿದರೆ ಯಾರ ಮುಖವೂ ನಷ್ಟವಾಗದು.

ಹಳ್ಳಿಯ ಆಟಕ್ಕೆ ಹೊಸ ದೃಶ್ಯರೂಪ ಬರಲು ಸಾಧ್ಯ ಎಂಬುದಕ್ಕೆ ಕಬಡ್ಡಿಯೇ ಸಾಕ್ಷಿ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದ ಮೇಲೆ ಬಣ್ಣದ ಮ್ಯಾಟು, ಪ್ರಖರ ಬೆಳಕು, ಕೆಳಮಟ್ಟದಲ್ಲಿಟ್ಟ ಕ್ಯಾಮೆರಾಗಳಿಂದ ಅದೇ ಆಟ ಬೇರೆಯಾಗಿ ಕಾಣತೊಡಗಿತು. 2019ರ ಜನವರಿ 5ರಂದು ಬೆಂಗಳೂರು ಬುಲ್ಸ್ ತಂಡವು ಪ್ರಶಸ್ತಿ ಗೆದ್ದಾಗ ಪವನ್ ಸೆಹ್ರಾವತ್ ಅಂತಿಮ ಪಂದ್ಯದಲ್ಲಿ 22 ಅಂಕ ಗಳಿಸಿದ್ದರು. ಹಿಡಿದವರ ತೋಳುಗಳ ನಡುವಿನಿಂದ ನಡುಗೆರೆಯತ್ತ ಚಾಚಿದ ಒಂದು ಕೈ. ಕಬಡ್ಡಿಯ ಮುಖಪುಟ ಅದು ಎಂಬುದನ್ನು ಈಗ ಮಕ್ಕಳೂ ಬಲ್ಲರು.

ನಮ್ಮ ಸ್ಮರಣ ಸಂಚಿಕೆಗಳ ಸ್ಥಿತಿ

ಇಷ್ಟೆಲ್ಲ ವಿವರಿಸಿದ್ದು ದೂರದ ಪತ್ರಿಕೆಗಳನ್ನು ಹೊಗಳುವುದಕ್ಕಲ್ಲ. ನಮ್ಮ ತಾಲ್ಲೂಕುಗಳಲ್ಲಿಯೂ ಪುಟಗಳು ಸಿದ್ಧವಾಗುತ್ತಿವೆ. ಶಾಲಾ ವಾರ್ಷಿಕ ಸಂಚಿಕೆ, ಯುವಕ ಸಂಘದ ಪಂದ್ಯಾವಳಿಯ ಕರಪತ್ರ, ಕ್ರೀಡಾಕೂಟದ ಫ್ಲೆಕ್ಸ್, ಮೊಬೈಲಿನಲ್ಲಿ ಹರಿದಾಡುವ ಅಭಿನಂದನಾ ಚಿತ್ರ ಇವೆಲ್ಲವೂ ಮುಖಪುಟಗಳೇ. ಅವುಗಳನ್ನು ಗಮನಿಸಿದರೆ ಒಂದು ಸಾಮಾನ್ಯ ಕ್ರಮ ಕಾಣುತ್ತದೆ. ಮೇಲಿನ ಸಾಲಿನಲ್ಲಿ ಗಣ್ಯರ ಮುಖಗಳು, ಎರಡನೆಯ ಸಾಲಿನಲ್ಲಿ ಪ್ರಾಯೋಜಕರು, ಪಕ್ಕದಲ್ಲಿ ಶುಭ ಕೋರುವವರು, ಕೊನೆಗೆ ಒಂದು ಮೂಲೆಯಲ್ಲಿ ತಂಡದ ಗುಂಪುಚಿತ್ರ. ಅದರ ಕೆಳಗೆ 'ವಿಜೇತ ತಂಡ' ಎಂಬ ಎರಡು ಪದ. ಹುಡುಗಿಯರ ಹೆಸರುಗಳಿಲ್ಲ.

ಹಣ ಕೊಟ್ಟವರ ಹೆಸರು ಹಾಕಬಾರದೆಂದು ಯಾರೂ ಹೇಳುವುದಿಲ್ಲ. ಅವರಿಲ್ಲದೆ ಪಂದ್ಯಾವಳಿಯೇ ನಡೆಯದು. ಅವರಿಗೆ ಹಿಂಬದಿಯ ಪುಟ ಕೊಡಬಹುದು, ಕೆಳ ಅಂಚಿನಲ್ಲಿ ಅಚ್ಚುಕಟ್ಟಾದ ಪಟ್ಟಿ ಕೊಡಬಹುದು. ಆದರೆ ಅಳತೆಯೇ ಗೌರವ ಎಂಬುದು ಪುಟವಿನ್ಯಾಸದ ಮೊದಲ ಸೂತ್ರವಾಗಿರುವುದರಿಂದ, ಆಡಿದವರ ಚಿತ್ರ ಅತಿಥಿಗಳ ಚಿತ್ರಕ್ಕಿಂತ ಸಣ್ಣದಾದರೆ ಓದುಗನಿಗೆ ತಲುಪುವ ಸಂದೇಶ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಮುಂದಿನ ವರ್ಷ ತಂಡಕ್ಕೆ ಸೇರಬೇಕೋ ಬೇಡವೋ ಎಂದು ಮನೆಯಲ್ಲಿ ಮಾತು ಬಂದಾಗ, ಮಗಳ ಹೆಸರು ಅಚ್ಚಾದ ಒಂದು ಪುಟ ತಂದೆತಾಯಿಗಳ ಮುಂದೆ ಅವಳ ಪರವಾಗಿ ಮಾತನಾಡಬಲ್ಲದು. ಹೆಸರಿಲ್ಲದ ಗುಂಪುಚಿತ್ರಕ್ಕೆ ಆ ಶಕ್ತಿಯಿಲ್ಲ.

ಸಂಚಿಕೆ ಸಿದ್ಧಪಡಿಸುವ ಶಿಕ್ಷಕರಿಗೆ, ಡಿಟಿಪಿ ಕೇಂದ್ರಗಳ ಯುವಕರಿಗೆ ಉಪಯುಕ್ತವಾಗುವ ಕೆಲವು ಸಂಗತಿಗಳು ಹೀಗಿವೆ:

* ಎ4 ಅಳತೆಯ ಮುಖಪುಟ ಚೆನ್ನಾಗಿ ಅಚ್ಚಾಗಬೇಕಾದರೆ ಚಿತ್ರವು ಸುಮಾರು 2480 x 3508 ಪಿಕ್ಸೆಲ್‌ಗಳಷ್ಟಿರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗುತ್ತದೆ. ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದರೆ ಮೂಲ ಗುಣಮಟ್ಟ ಉಳಿಯುತ್ತದೆ.

* ಚಿತ್ರವು ಪುಟದ ಅಂಚಿನವರೆಗೂ ಹರಡಬೇಕಾದರೆ ಸುತ್ತಲೂ 3 ಮಿ.ಮೀ. ಹೆಚ್ಚುವರಿ ಬಿಡಬೇಕು. ಇಲ್ಲವಾದರೆ ಕತ್ತರಿಸುವಾಗ ಅಂಚಿನಲ್ಲಿ ಬಿಳಿಗೆರೆ ಉಳಿಯುತ್ತದೆ.

* ಪರದೆಯ ಮೇಲೆ ಹೊಳೆಯುವ ಹಸಿರು, ನೀಲಿಗಳು ನಾಲ್ಕು ಶಾಯಿಯ ಅಚ್ಚಿನಲ್ಲಿ ಮಂಕಾಗುತ್ತವೆ. ಕೆಂಪು ಮಣ್ಣಿನ ಮೈದಾನದಲ್ಲಿ ಕಂದುಗೆಂಪು ಸಮವಸ್ತ್ರ ತೊಟ್ಟ ತಂಡ ಹಿನ್ನೆಲೆಯಲ್ಲಿಯೇ ಕರಗಿಹೋಗಬಹುದು. ಒಂದು ಪ್ರತಿ ಅಚ್ಚು ಮಾಡಿಸಿ ನೋಡಿ ಮುಂದುವರಿಯುವುದು ಕ್ಷೇಮ.

* ನಡುಹಗಲಿನ ಬಿಸಿಲಲ್ಲಿ ಕಣ್ಣುಗಳ ಜಾಗದಲ್ಲಿ ನೆರಳು ಬೀಳುತ್ತದೆ. ಬೆಳಗಿನ ಅಥವಾ ಸಂಜೆಯ ಪಂದ್ಯಗಳ ಚಿತ್ರಗಳು ಉತ್ತಮ. ಮೊಬೈಲಿನಲ್ಲಿ ಒಂದರ ಹಿಂದೊಂದು ಹಲವು ಚಿತ್ರ ತೆಗೆಯುವ ಸೌಲಭ್ಯ ಬಳಸಿ, ನಂತರ ಒಂದನ್ನು ಆರಿಸಿಕೊಳ್ಳಬಹುದು.

* ಗುಂಪುಚಿತ್ರದ ಕೆಳಗೆ ಎಡದಿಂದ ಬಲಕ್ಕೆ ಎಲ್ಲರ ಹೆಸರನ್ನೂ ಕೊಡಬೇಕು. ಹೆಸರಿನ ಕಾಗುಣಿತವನ್ನು ಆಟಗಾರರಿಂದಲೇ ಖಚಿತಪಡಿಸಿಕೊಳ್ಳಬೇಕು. ಮಕ್ಕಳ ಚಿತ್ರವಾದರೆ ಪೋಷಕರ ಒಪ್ಪಿಗೆ ಪಡೆಯಬೇಕು.

ಕೊನೆಯದಾಗಿ, ಯಾವುದೇ ಮುಖಪುಟವನ್ನು ಪರೀಕ್ಷಿಸಲು ಒಂದು ಸರಳ ವಿಧಾನವಿದೆ. ಅದನ್ನು ಗೋಡೆಗೆ ಅಂಟಿಸಿ ಹತ್ತು ಹೆಜ್ಜೆ ಹಿಂದೆ ಸರಿದು, ಕಣ್ಣುಗಳನ್ನು ಅರೆಮುಚ್ಚಿ ನೋಡಬೇಕು. ಸಣ್ಣ ಅಕ್ಷರಗಳು, ಅಲಂಕಾರಗಳು ಎಲ್ಲವೂ ಮಸುಕಾದ ಮೇಲೆ ಉಳಿದು ಕಾಣುವುದು ಯಾವುದೋ ಅದೇ ಆ ಪುಟ ಹೇಳುತ್ತಿರುವ ಮಾತು. ಈ ವರ್ಷದ ತಾಲ್ಲೂಕು ಕ್ರೀಡಾಕೂಟ ಮುಗಿದು ಸಂಚಿಕೆ ಅಚ್ಚಿಗೆ ಹೋಗುವ ಮುನ್ನ ಸಂಪಾದಕ ಮಂಡಳಿಯವರು ಒಮ್ಮೆ ಹೀಗೆ ಹತ್ತು ಹೆಜ್ಜೆ ಹಿಂದೆ ನಿಂತು ನೋಡಲಿ. ಅಲ್ಲಿ ಆಟಗಾರ್ತಿ ಕಂಡರೆ ಪುಟವನ್ನು ಅಚ್ಚಿಗೆ ಕಳುಹಿಸಬಹುದು. ಕಾಣದಿದ್ದರೆ ಬದಲಾಯಿಸಲು ಇನ್ನೂ ಸಮಯವಿರುತ್ತದೆ.